ಕಟ್ಟಿ ಸಂಗಾವಿ ಸೇತುವೆ ದಾಟುವ ಮುನ್ನ

ವೆಂಟಿಲೇಟರ್ ಇರುವುದು ಕಲಬುರಗಿಯಲ್ಲಿ. ರೋಗಿ ಇರುವುದು ಜೇವರ್ಗಿಯಲ್ಲಿ. ನಡುವಿನ ಹೊತ್ತನ್ನು ಕಾಯುವ ನರ್ಸ್‌ಗೆ ನಾವು ಏನು ಕಲಿಸಿ ಕಳಿಸುತ್ತಿದ್ದೇವೆ?

ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಕಟ್ಟಿ ಸಂಗಾವಿಯಲ್ಲಿ ಭೀಮೆಯ ಸೇತುವೆ, ಮುಂದೆ ಫರಹತಾಬಾದ್, ಆಮೇಲೆ ನಗರ. ಆ ನಗರದಲ್ಲಿ ಇವತ್ತು ಆಸ್ಪತ್ರೆಗಳಿಗೆ ಕೊರತೆಯಿಲ್ಲ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಮತ್ತು ಅದರ ಬಸವೇಶ್ವರ ಆಸ್ಪತ್ರೆ ಇದೆ. ಸರ್ಕಾರದ ಜಿಮ್ಸ್ ಇದೆ, ಸೇಡಂ ರಸ್ತೆಯಲ್ಲಿ ಇಎಸ್‌ಐಸಿ ಆಸ್ಪತ್ರೆ ಇದೆ. 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡವೂ ಉದ್ಘಾಟನೆಯಾಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ ವಿಧಿಯ ಸಂಖ್ಯೆಯೇ ಆ ಹಾಸಿಗೆಗಳ ಸಂಖ್ಯೆ. ಎದೆನೋವು ಬಂದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದ ಸೀಮೆಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಮಂದೇವಾಲದಲ್ಲಿ, ಜೇರಟಗಿಯಲ್ಲಿ, ಆಂದೋಲದಲ್ಲಿ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಯಡ್ರಾಮಿಯ ಕಡೆಯ ಹಳ್ಳಿಯಲ್ಲಿ ನಡುರಾತ್ರಿ ಒಬ್ಬರಿಗೆ ಉಸಿರು ಕಟ್ಟಿದರೆ ಅವರು ಮೊದಲು ಕಾಣುವುದು ಆ ದೊಡ್ಡ ಕಟ್ಟಡಗಳನ್ನಲ್ಲ. ಹತ್ತಿರದ ಆರೋಗ್ಯ ಕೇಂದ್ರ, ಇಲ್ಲವೇ ಜೇವರ್ಗಿಯ ತಾಲ್ಲೂಕು ಆಸ್ಪತ್ರೆ. ಅಲ್ಲಿ ಬಾಗಿಲ ಬಳಿ ಸಿಗುವುದು ಪಾಳಿಯಲ್ಲಿರುವ ನರ್ಸ್. ಸರ್ಕಾರದ ಕಡತದಲ್ಲಿ ಅವರೀಗ ಶುಶ್ರೂಷಾಧಿಕಾರಿ, ಊರಿನವರ ಬಾಯಲ್ಲಿ ಸಿಸ್ಟರ್. ಕಲಬುರಗಿ ತಲುಪುವವರೆಗೆ ಆ ಜೀವ ಇರುತ್ತದೋ ಇಲ್ಲವೋ ಎಂಬುದು ಬಹಳ ಸಲ ಅವರ ಕಣ್ಣು, ಕಿವಿ, ಕೈಗಳ ಮೇಲೆ ನಿಂತಿರುತ್ತದೆ. ತೀವ್ರ ಅಸ್ವಸ್ಥರ ಆರೈಕೆ ಎಂದೊಡನೆ ನಮ್ಮ ನರ್ಸಿಂಗ್ ಶಿಕ್ಷಣ ಎಸಿ ಕೋಣೆ, ಮಾನಿಟರ್, ವೆಂಟಿಲೇಟರ್‌ಗಳ ಕಡೆಗೆ ತಿರುಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಐಸಿಯು ಬಾಗಿಲೊಳಗೆ ಹೋಗುವ ಮೊದಲೇ ರೋಗಿ ತೀವ್ರ ಅಸ್ವಸ್ಥ ಆಗಿರುತ್ತಾನೆ. ವಿದ್ಯಾರ್ಥಿಯ ತರಬೇತಿ ಶುರುವಾಗಬೇಕಾದ್ದೂ ಅಲ್ಲಿಂದಲೇ.

ಈ ನೆಲದ ರೋಗಿ

ಕಲಬುರಗಿ ಜಿಲ್ಲೆ ತೊಗರಿಯ ಕಣಜ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ತೊಗರಿ ಹೂಬಿಟ್ಟು ಕಾಯಿಗಟ್ಟುವ ಹೊತ್ತಿಗೆ ಕಾಯಿಕೊರಕ ಬೀಳುತ್ತದೆ, ಹತ್ತಿಗೆ ಬೇರೆ ಹುಳು. ಹಾಗಾಗಿ ಪ್ರತಿ ಹೊಲದ ಮನೆಯಲ್ಲೂ ಕ್ರಿಮಿನಾಶಕದ ಬಾಟಲಿ ಇದ್ದೇ ಇರುತ್ತದೆ. ಸಿಂಪಡಿಸುವಾಗ ಮೈಗೆ ಹತ್ತಿದ್ದು, ಸಾಲದ ಇಲ್ಲವೇ ಮನೆಜಗಳದ ಸಂಕಟದಲ್ಲಿ ಕುಡಿದದ್ದು, ಎರಡೂ ಆಸ್ಪತ್ರೆಗೆ ಬರುತ್ತವೆ. ‘ಎಣ್ಣಿ ಕುಡದಾನ್ರೀ’ ಎಂದು ಜೊತೆಯವರು ಹೇಳುವಾಗ ಅದು ಯಾವ ಎಣ್ಣೆ, ಎಷ್ಟು ಹೊತ್ತಿಗೆ ಕುಡಿದದ್ದು, ಬಾಟಲಿ ತಂದಿದ್ದೀರಾ ಎಂದು ಕೇಳುವುದೇ ಮೊದಲ ಶುಶ್ರೂಷೆ.

ಆರ್ಗನೋಫಾಸ್ಫರಸ್ ವಿಷವಾದರೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಎದೆಯಲ್ಲಿ ಗುಳುಗುಳು ಸದ್ದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿರುತ್ತದೆ. ವೈದ್ಯರು ಅಟ್ರೋಪಿನ್ ಶುರು ಮಾಡುತ್ತಾರೆ. ಅದು ಒಮ್ಮೆ ಚುಚ್ಚಿ ಕೈತೊಳೆದುಕೊಳ್ಳುವ ಔಷಧವಲ್ಲ. ಎದೆಯ ನೀರು ಆರಿತೇ, ಕಂಕುಳು ಒಣಗಿತೇ, ನಾಡಿ 80 ದಾಟಿತೇ, ರಕ್ತದೊತ್ತಡ ಎದ್ದಿತೇ ಎಂದು ಕೆಲವೇ ನಿಮಿಷಗಳಿಗೊಮ್ಮೆ ನೋಡುತ್ತ ಪ್ರಮಾಣ ಏರಿಸಬೇಕು. ಹೆಚ್ಚಾದರೆ ಜ್ವರ ಏರುತ್ತದೆ, ರೋಗಿ ಬಡಬಡಿಸುತ್ತಾನೆ, ಮೂತ್ರ ಕಟ್ಟುತ್ತದೆ. ಈ ನೋಡುವ ಕೆಲಸವನ್ನು ಹಾಸಿಗೆಯ ಪಕ್ಕದಲ್ಲಿ ನಿಂತವರೇ ಮಾಡಬೇಕು. ವೈದ್ಯರು ಆ ಹೊತ್ತಿಗೆ ಇನ್ನೊಂದು ಹೆರಿಗೆಯಲ್ಲಿ ಇರಬಹುದು.

ಇನ್ನೊಂದು ಸಂಗತಿಯನ್ನು ಪ್ರತಿ ನರ್ಸಿಂಗ್ ವಿದ್ಯಾರ್ಥಿಗೂ ಮನದಟ್ಟು ಮಾಡಿಸಬೇಕು. ವಿಷ ಕುಡಿದವರು ಮೊದಲ ದಿನ ಗೆದ್ದು, ಎದ್ದು ಕೂತು, ಮನೆಯವರ ಹತ್ತಿರ ಮಾತಾಡುತ್ತಿರುವಾಗಲೇ ಎರಡನೇ ದಿನವೋ ಮೂರನೇ ದಿನವೋ ಉಸಿರಾಟದ ಸ್ನಾಯುಗಳು ಸೋಲಲು ಶುರುವಾಗಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲಿಯದ್ದೆ ಇದನ್ನು ವಿವರಿಸಿ ಇಂಟರ್‌ಮೀಡಿಯೇಟ್ ಸಿಂಡ್ರೋಮ್ ಎಂದು ಕರೆದರು. ವಿಷ ಸೇರಿದ 24ರಿಂದ 96 ಗಂಟೆಗಳೊಳಗೆ ಇದು ಬರುತ್ತದೆ. ಮೊದಲ ಸುಳಿವು ಯಾವ ಮಾನಿಟರ್‌ನಲ್ಲೂ ಕಾಣುವುದಿಲ್ಲ. ರೋಗಿಗೆ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ, ಅಷ್ಟೆ. ‘ತಲಿ ಎತ್ತು ನೋಡಮು’ ಎಂದು ಪಾಳಿಗೆರಡು ಸಲ ಹೇಳಿ ನೋಡುವ ಹುಡುಗಿ ಒಂದು ಮನೆಯ ದೀಪ ಉಳಿಸುತ್ತಾಳೆ. ಇದಕ್ಕೆ ಖರ್ಚಿಲ್ಲ, ಯಂತ್ರ ಬೇಕಿಲ್ಲ. ಹೇಳಿಕೊಟ್ಟವರು ಇರಬೇಕು.

ಇದೇ ಪರೀಕ್ಷೆ ಹಾವು ಕಚ್ಚಿದವರಿಗೂ ಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯ ಕಾಣದು, ನೋವೂ ಅಷ್ಟಿರದು. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರಿಗೆ ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರು. ಹೊಟ್ಟೆನೋವಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರೆ ಆ ರೋಗಿ ಉಳಿಯುವುದು ಕಷ್ಟ. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂದು ಕೇಳಬೇಕು. ಗಂಟೆಯ ಹಿಂದೆ 25ರವರೆಗೆ ಎಣಿಸಿದವರು ಈಗ 12ಕ್ಕೆ ನಿಂತರೆ, ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಕೈಗೆ ಬರಬೇಕು. ಮಂಡಲದ ಹಾವಾದರೆ ದಾರಿ ಬೇರೆ: ಒಣಗಿದ ಸ್ವಚ್ಛ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು ಅಲುಗಾಡಿಸದೆ 20 ನಿಮಿಷ ಇಟ್ಟು, ಬಾಗಿಸಿ, ಹೆಪ್ಪುಗಟ್ಟಿದೆಯೇ ನೋಡಬೇಕು. ಸೋಪಿನ ನೀರಲ್ಲಿ ತೊಳೆದ ಕೊಳವೆ ಆಗದು, ಪ್ಲಾಸ್ಟಿಕ್ ಆಗದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೂ ಸೇರಿ ಮಾಡಿದ್ದು. ಅದನ್ನು ಹನಿಸುವಾಗ ಮೈ ತುರಿಕೆ, ದದ್ದು, ಬಿಪಿ ಕುಸಿತ ಬರಬಹುದೆಂದು ಅಡ್ರಿನಲಿನ್ ಸಿರಿಂಜ್ ತುಂಬಿಟ್ಟುಕೊಂಡೇ ಪಕ್ಕದಲ್ಲಿ ಕೂರಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ನಿರ್ಧಾರ. ವರದಿ ಬರೆಯುವ ಕೈಗೆ ಈ ಗಾಜಿನ ಕೊಳವೆಯ ಪಾಠವೂ ಆಗಿರಬೇಕು.

ಇನ್ನು ಬಾಣಂತಿಯರು, ಗರ್ಭಿಣಿಯರು. ರಕ್ತಹೀನತೆ ಈ ಭಾಗದ ಹಳೆಯ ಶಾಪ. ಮೈಯಲ್ಲಿ ರಕ್ತವೇ ಕಡಿಮೆ ಇರುವ ಹೆಂಗಸಿಗೆ ಹೆರಿಗೆಯ ನಂತರದ ಸಾಧಾರಣ ರಕ್ತಸ್ರಾವವೂ ಪ್ರಾಣಾಂತಿಕ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಜೀವ ಉಳಿಸುವ ಈ ಔಷಧ ಮಿತಿ ಮೀರಿದರೆ ಉಸಿರನ್ನೇ ನಿಲ್ಲಿಸುತ್ತದೆ. ಪ್ರತಿ ಮುಂದಿನ ಡೋಸ್‌ಗೆ ಮೊದಲು ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಆಗಿಲ್ಲವೇ, ಮಂಡಿಗೆ ತಟ್ಟಿದರೆ ಕಾಲು ಜಿಗಿಯುತ್ತದೆಯೇ, ಮೂತ್ರ ಗಂಟೆಗೆ 30 ಮಿಲಿಲೀಟರ್ ಆದರೂ ಬರುತ್ತಿದೆಯೇ ಎಂದು ನೋಡಲೇಬೇಕು; ಕ್ಯಾಲ್ಸಿಯಂ ಗ್ಲುಕೋನೇಟ್ ಕೈಗೆಟುಕುವಲ್ಲಿ ಇರಬೇಕು. ವಿದ್ಯಾರ್ಥಿ ಇದನ್ನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿರುತ್ತಾಳೆ. ಬೆವರುತ್ತ ಮಲಗಿರುವ ಒಬ್ಬ ಹೆಂಗಸಿನ ಮಂಡಿಯನ್ನು ತಟ್ಟಿ ನೋಡಿರುತ್ತಾಳೆಯೇ ಎಂಬುದು ನನ್ನ ಪ್ರಶ್ನೆ.

ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೂಲಿ ಕೆಲಸದಲ್ಲಿ ಕುಸಿದವರು, ಹೆದ್ದಾರಿಯ ಕ್ರಾಸುಗಳಲ್ಲಿ ಲಾರಿಗೆ ಬಡಿದ ಬೈಕ್ ಸವಾರರು, ಭೀಮೆ ಉಕ್ಕಿದ ವರ್ಷಗಳಲ್ಲಿ ದಾರಿಯೇ ಕಡಿದುಹೋದ ಊರುಗಳ ರೋಗಿಗಳು, ಪಟ್ಟಿ ಇನ್ನೂ ಇದೆ. 2020ರ ಅಕ್ಟೋಬರ್‌ನ ಪ್ರವಾಹವನ್ನು ಜೇವರ್ಗಿ, ಅಫಜಲಪುರದ ನದಿದಂಡೆಯವರು ಮರೆತಿಲ್ಲ. ಕಲಬುರಗಿಯ ನರ್ಸಿಂಗ್ ವಿದ್ಯಾರ್ಥಿಗೆ ಅಮೆರಿಕದ ಪಠ್ಯಪುಸ್ತಕದ ಐಸಿಯು ಅಧ್ಯಾಯಗಳ ಜೊತೆಗೆ ಈ ನೆಲದ ರೋಗಿಯ ಪಾಠವೂ ಬೇಕು.

ಉಸಿರಿನ ಖಾನೆ

ಯಾವ ವಾರ್ಡಿನಲ್ಲಾದರೂ ಟಿಪಿಆರ್ ಚಾರ್ಟ್ ತೆಗೆದು ನೋಡಿ. ಜ್ವರ, ನಾಡಿ, ಉಸಿರು. ಮೊದಲೆರಡು ಖಾನೆಗಳಲ್ಲಿ ಏರಿಳಿತ ಕಾಣುತ್ತದೆ. ಮೂರನೆಯದರಲ್ಲಿ ಬಹಳ ಸಲ ಮೇಲಿಂದ ಕೆಳಗಿನವರೆಗೆ ಒಂದೇ ಸಂಖ್ಯೆ: 20, 20, 20. ಇದು ಜೇವರ್ಗಿಯ ದೋಷವೂ ಅಲ್ಲ, ಕಲಬುರಗಿಯದೂ ಅಲ್ಲ. ಅತಿ ಹೆಚ್ಚು ಕಡೆಗಣನೆಗೆ ಗುರಿಯಾದ ಲಕ್ಷಣ ಉಸಿರಾಟದ ವೇಗವೇ ಎಂದು ಜಗತ್ತಿನ ಎಲ್ಲ ಕಡೆಯ ತಜ್ಞರೂ ಹೇಳುತ್ತಾರೆ. ನಾಡಿಯನ್ನು ಯಂತ್ರ ಹೇಳುತ್ತದೆ, ಬಿಪಿಯನ್ನೂ ಹೇಳುತ್ತದೆ. ಮಾನಿಟರ್ ಇಲ್ಲದ ವಾರ್ಡಿನಲ್ಲಿ ಉಸಿರನ್ನು ಮನುಷ್ಯರೇ ನಿಂತು, ಪೂರ್ತಿ ಒಂದು ನಿಮಿಷ, ಎದೆ ಏರಿಳಿಯುವುದನ್ನು ನೋಡಿ ಎಣಿಸಬೇಕು. 30 ರೋಗಿಗಳಿಗೆ 30 ನಿಮಿಷ ಎಲ್ಲಿಂದ ತರುವುದು? ಆದರೆ ಜೀವ ಜಾರತೊಡಗಿದಾಗ ಬಹುಪಾಲು ಮೊದಲು ಬದಲಾಗುವುದು ಈ ಸಂಖ್ಯೆಯೇ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಒಂದು ಮುನ್ನೆಚ್ಚರಿಕೆ ಅಂಕಪಟ್ಟಿ ರೂಪಿಸಿ 2017ರಲ್ಲಿ ಪರಿಷ್ಕರಿಸಿತು. ಅದರ ಲೆಕ್ಕ ತಾಲ್ಲೂಕು ಆಸ್ಪತ್ರೆಯ ಹಾಳೆಯಲ್ಲೂ ನಡೆಯುವಂಥದು. ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಎಚ್ಚರವಾಗಿದ್ದಾರೆ, ಮಾತಾಡುತ್ತಾರೆ. ಬಿಪಿ ಮೇಲಿನದು 104, ‘ಪರವಾಗಿಲ್ಲ’ ಅನ್ನುತ್ತೇವೆ. ನಾಡಿ 112, ಜ್ವರ ಇದೆಯಲ್ಲ ಅನ್ನುತ್ತೇವೆ. ಉಷ್ಣತೆ 38.4 ಡಿಗ್ರಿ ಸೆಲ್ಸಿಯಸ್, ಪ್ಯಾರಾಸಿಟಮಾಲ್ ಕೊಟ್ಟಿದೆ. ಆಮ್ಲಜನಕ 93, ಸ್ವಲ್ಪ ಕಡಿಮೆ. ಉಸಿರು 26. ಒಂದೊಂದನ್ನೇ ನೋಡಿದರೆ ಗಾಬರಿಪಡುವಂಥದು ಏನೂ ಕಾಣುವುದಿಲ್ಲ. ಅಂಕ ಹಾಕಿ: ಉಸಿರಿಗೆ 3, ಆಮ್ಲಜನಕಕ್ಕೆ 2, ನಾಡಿಗೆ 2, ಬಿಪಿಗೆ 1, ಜ್ವರಕ್ಕೆ 1. ಒಟ್ಟು 9. ಆ ಪಟ್ಟಿಯ ಪ್ರಕಾರ 5 ಆದರೇ ವೈದ್ಯರನ್ನು ಕರೆಯಬೇಕು, 7 ಮುಟ್ಟಿದರೆ ತುರ್ತು. ಉಸಿರಿನ ಖಾನೆಯಲ್ಲಿ ಎಣಿಸದೆ 20 ಎಂದು ಬರೆದಿದ್ದರೆ ಅದೇ ರೋಗಿಯ ಅಂಕ 6ಕ್ಕೆ ಇಳಿಯುತ್ತಿತ್ತು.

ಯಂತ್ರವನ್ನು ಅನುಮಾನಿಸುವುದನ್ನೂ ಕಲಿಸಬೇಕು. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ನ ಮೂಲ ತತ್ತ್ವವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ತಕುವೊ ಅಯೊಯಾಗಿ. ಕೋವಿಡ್ ಬಂದ ಮೇಲೆ ಅದು ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲಕ್ಕೂ ಬಂತು. ಕೈ ತಣ್ಣಗಾಗಿದ್ದರೆ, ಉಗುರಿಗೆ ದಟ್ಟ ಬಣ್ಣವಿದ್ದರೆ, ಬಿಪಿ ಬಿದ್ದಿದ್ದರೆ ಅದರ ಸಂಖ್ಯೆಯನ್ನು ನೆಚ್ಚಿಕೊಳ್ಳಲಾಗದು. ಮೈಬಣ್ಣ ಕಪ್ಪಾದಷ್ಟೂ ಅದು ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂದು 2020ರಲ್ಲಿ ಅಮೆರಿಕದ ಸಂಶೋಧಕರು ಮತ್ತೆ ಎಚ್ಚರಿಸಿದರು. ಬಿಸಿಲಲ್ಲಿ ದುಡಿದು ಕಪ್ಪಾದ ಕೈಗಳ ಸೀಮೆಗೆ ಈ ಮಾತು ಮುಖ್ಯ. ಯಂತ್ರ 95 ಅನ್ನುತ್ತಿದೆ, ರೋಗಿ ಮಾತ್ರ ವಾಕ್ಯ ಮುಗಿಸಲಾರದೆ ಏದುಸಿರು ಬಿಡುತ್ತಿದ್ದಾರೆ ಎಂದರೆ ನಂಬಬೇಕಾದ್ದು ರೋಗಿಯನ್ನು.

ಫೋನಿನಲ್ಲಿ ಹೇಳುವ ಧೈರ್ಯ

ಕಂಡದ್ದನ್ನು ಹೇಳದಿದ್ದರೆ ಕಂಡೂ ಪ್ರಯೋಜನವಿಲ್ಲ. ರಾತ್ರಿ ಎರಡು ಗಂಟೆಗೆ ವೈದ್ಯರಿಗೆ ಫೋನ್ ಮಾಡಲು ಹೊಸ ನರ್ಸ್ ಹೆದರುತ್ತಾರೆ. ಬೈಸಿಕೊಂಡೇವು ಎಂಬ ಭಯ ಕಾಲೇಜಿನ ಮೊದಲ ವರ್ಷದಿಂದಲೇ ಬೆಳೆದು ಬಂದಿರುತ್ತದೆ. ಎದ್ದು ನಿಲ್ಲು, ತಲೆ ತಗ್ಗಿಸು, ಎದುರು ಮಾತಾಡಬೇಡ ಎಂದು ಶಿಸ್ತಿನ ಹೆಸರಿನಲ್ಲಿ ನಾವೇ ಬೆಳೆಸಿದ್ದು ಅದು. ಕೊನೆಗೆ ಫೋನ್ ಮಾಡಿದಾಗಲೂ ಹೊರಡುವುದು ಇಷ್ಟೇ: ‘ಸರ್, ಆರನೇ ಬೆಡ್ ಪೇಷೆಂಟ್‌ಗೆ ಆರಾಮಿಲ್ಲ ಸರ್.’ ನಿದ್ದೆಗಣ್ಣಿನ ವೈದ್ಯರಿಗೆ ಇದರಿಂದ ಏನೂ ತಿಳಿಯದು.

ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ವರದಿ ಕೊಡುವ ಒಂದು ಕ್ರಮವನ್ನು ಆಸ್ಪತ್ರೆಗಳು ತಮ್ಮದಾಗಿಸಿಕೊಂಡಿವೆ. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನು ಅನ್ನಿಸುತ್ತದೆ, ನಿಮ್ಮಿಂದ ಏನು ಬೇಕು ಎಂಬ ನಾಲ್ಕು ಮಾತು. ಜೇವರ್ಗಿಯ ವಾರ್ಡಿನಲ್ಲಿ ಅದು ಹೀಗೆ ಕೇಳಿಸಬೇಕು: ‘ಸರ್, ಆರನೇ ಬೆಡ್‌ನವರ ಉಸಿರು ಒಂದು ತಾಸಿನ್ಯಾಗ 18ರಿಂದ 28 ಆಗ್ಯಾದ. ಔಷಧಿ ಕುಡದವರು, ಮೊನ್ನಿ ಸಂಜಿಗಿ ಬಂದಾರ, ನಿನ್ನಿ ಆರಾಮಿದ್ರು. ಈಗ ದಿಂಬಿನ ಮ್ಯಾಲಿಂದ ತಲಿ ಎತ್ತಲಾಕ ಆಗವಲ್ದು, ಉಸಿರಿನ ಸ್ನಾಯು ಸೋಲ್ಲಾಕತ್ತಾವ ಅನಸ್ತದ. ನೀವು ಈಗೇ ಬರ್ರಿ ಸರ್, ಅಂಬು ಬ್ಯಾಗ್, ಟ್ಯೂಬ್ ತಯಾರಿ ಇಟ್ಟೀನಿ.’ ಇಪ್ಪತ್ತು ಸೆಕೆಂಡಿನ ಮಾತು. ಇದನ್ನು ತರಗತಿಯಲ್ಲಿ ಜೋಡಿಜೋಡಿಯಾಗಿ ನಿಲ್ಲಿಸಿ, ಒಬ್ಬರು ಸಿಡುಕುವ ವೈದ್ಯರ ಪಾತ್ರ ಮಾಡಿ, ನಾಲಿಗೆಗೆ ಒಗ್ಗುವವರೆಗೆ ಆಡಿಸಬೇಕು. ವೈದ್ಯಕೀಯ ಕಾಲೇಜು ಮತ್ತು ನರ್ಸಿಂಗ್ ಕಾಲೇಜು ಒಂದೇ ಆವರಣದಲ್ಲಿರುವ ಕಡೆ ಎರಡೂ ಕಡೆಯ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಆಡಿಸಿದರೆ ಇನ್ನೂ ಒಳ್ಳೆಯದು. ಮುಂದೆ ಫೋನ್ ಎತ್ತಬೇಕಾದವರಿಗೂ ಪಾಠ ಆಗಲಿ.

ಗೊಂಬೆಯಿಂದ ಹಾಸಿಗೆಗೆ

1952ರ ಆಗಸ್ಟ್. ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತ್ತು. ಬ್ಲೆಗ್ದಾಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯು ಸೋತ ರೋಗಿಗಳು, ಹೆಚ್ಚಿನವರು ಮಕ್ಕಳು, ದಿನವೂ ಬರುತ್ತಿದ್ದರು, ಸಾಯುತ್ತಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಒಬ್ಬ ಹುಡುಗಿಯ ಗಂಟಲಿಗೆ ಕೊಳವೆ ಹಾಕಿಸಿ, ರಬ್ಬರ್ ಚೀಲ ಒತ್ತಿ ಕೈಯಿಂದಲೇ ಉಸಿರು ಕೊಟ್ಟರು. ಹುಡುಗಿ ಉಳಿದಳು. ಆದರೆ ಎಲ್ಲರಿಗೂ ಹಗಲು ರಾತ್ರಿ ಚೀಲ ಒತ್ತುವವರು ಯಾರು? ಸುಮಾರು 1,500 ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಕೂತರು. ಜೊತೆಗೆ ನರ್ಸ್‌ಗಳು ಹಾಸಿಗೆ ಬಿಡದೆ ನಿಂತರು. ಇವತ್ತಿನ ಐಸಿಯು ಹುಟ್ಟಿದ್ದು ಆ ವಿದ್ಯಾರ್ಥಿಗಳ ಕೈಯಲ್ಲಿ ಎಂದರೆ ತಪ್ಪಿಲ್ಲ.

ನಮ್ಮ ಕಾಲದಲ್ಲೂ ಅಂಥದೊಂದು ಗಳಿಗೆ ಬಂದಿತ್ತು, ಅದೂ ಕಲಬುರಗಿಯಿಂದಲೇ. ಕೋವಿಡ್‌ನಿಂದ ದೇಶದಲ್ಲಿ ದಾಖಲಾದ ಮೊದಲ ಸಾವು 2020ರ ಮಾರ್ಚ್ 10ರಂದು ಮೃತಪಟ್ಟ ಕಲಬುರಗಿಯ 76 ವರ್ಷದ ಹಿರಿಯರದು. ಸೋಂಕು ಖಚಿತವಾದದ್ದು ಮಾರ್ಚ್ 12ರಂದು. ಮರುವರ್ಷ ಎರಡನೇ ಅಲೆ ಬಡಿದಾಗ, 2021ರ ಮೇ ಮೊದಲ ವಾರ, ಅಂತಿಮ ವರ್ಷದ ಬಿಎಸ್ಸಿ ಮತ್ತು ಜಿಎನ್‌ಎಂ ನರ್ಸಿಂಗ್ ವಿದ್ಯಾರ್ಥಿಗಳನ್ನು ಹಿರಿಯ ಬೋಧಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕರ್ತವ್ಯಕ್ಕೆ ಬಳಸಿಕೊಳ್ಳಬಹುದೆಂದು ಕೇಂದ್ರ ಸರ್ಕಾರ ಹೇಳಿತು. ಪರೀಕ್ಷೆಗೆ ಕಾಯುತ್ತಿದ್ದ ಹುಡುಗ ಹುಡುಗಿಯರಿಗೆ ಪಿಪಿಇ ತೊಟ್ಟು ವೆಂಟಿಲೇಟರ್ ಮುಂದೆ ನಿಲ್ಲುವ ಕರೆ ಬಂತು. ದೇಶಕ್ಕೆ ಉಸಿರು ಕಟ್ಟಿದಾಗ ಕರೆಯಬೇಕಾದ್ದು ಇವರನ್ನೇ ಎಂದು ಗೊತ್ತಾದ ಮೇಲೂ, ಮಾಮೂಲಿ ದಿನಗಳಲ್ಲಿ ಇವರನ್ನು ತಯಾರು ಮಾಡಲು ನಾವು ಎಷ್ಟು ಶ್ರಮ ಹಾಕುತ್ತಿದ್ದೇವೆ?

ಕಾಗದದ ಮೇಲೆ ಕೊರತೆಯಿಲ್ಲ ಎನ್ನಬೇಕು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯವನ್ನು ಪರಿಷ್ಕರಿಸಿ ನಾಲ್ಕು ವರ್ಷಗಳನ್ನು ಎಂಟು ಸೆಮಿಸ್ಟರ್ ಮಾಡಿತು. ಎಷ್ಟು ಓದಿದೆ ಎಂಬುದಕ್ಕಿಂತ ಏನು ಮಾಡಬಲ್ಲೆ ಎಂಬುದಕ್ಕೆ ಒತ್ತು ಕೊಟ್ಟಿತು. ಹೃದಯ ನಿಂತಾಗ ಮಾಡಬೇಕಾದ ಜೀವರಕ್ಷಣೆಯ ಪಾಠ ಕಡ್ಡಾಯವಾಯಿತು. ರೋಗಿಯನ್ನು ಮುಟ್ಟುವ ಮೊದಲು ಕೌಶಲ ಪ್ರಯೋಗಾಲಯದ ಗೊಂಬೆಯ ಮೇಲೆ ಅಭ್ಯಾಸ ಆಗಬೇಕು, ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್ ಇರಬೇಕು ಎಂದಿತು. ಪದವಿಯ ನಂತರ ಒಂದು ವರ್ಷದ ಕ್ರಿಟಿಕಲ್ ಕೇರ್ ಡಿಪ್ಲೊಮಾ ಇದೆ, ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸೂ ಇದೆ.

ಗೊಂಬೆ ಬೇಕು, ಖಂಡಿತ ಬೇಕು. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದನ್ನು, ಪ್ರತಿ 30 ಒತ್ತಿಗೆ 2 ಉಸಿರು ಕೊಡುವುದನ್ನು ತೋಳಿಗೆ ಕಲಿಸುವುದು ಗೊಂಬೆಯೇ. ಎಷ್ಟೋ ಕಡೆ ಆ ಗೊಂಬೆ ಪ್ಲಾಸ್ಟಿಕ್ ಕವರಿನೊಳಗೆ ಬೀರುವಿನಲ್ಲಿರುತ್ತದೆ, ತಪಾಸಣೆಯವರು ಬರುವ ದಿನ ಮೇಜಿನ ಮೇಲೆ ಬರುತ್ತದೆ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕ ಮುಂದಿದೆ. ಕೇರಳದಿಂದ ಹಿಡಿದು ಈಶಾನ್ಯದವರೆಗಿನ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಕಾಲೇಜು ಬೆಳೆದಷ್ಟು ವೇಗದಲ್ಲಿ ಕಲಿಯಲು ಬೇಕಾದ ಹಾಸಿಗೆಗಳು ಬೆಳೆಯಲಿಲ್ಲ. ಒಬ್ಬ ರೋಗಿಯ ಸುತ್ತ ಹತ್ತು ಸಮವಸ್ತ್ರ ನಿಂತರೆ ಮುಂದಿನಿಬ್ಬರಿಗೆ ಕಾಣುತ್ತದೆ, ಉಳಿದವರು ಲಾಗ್ ಬುಕ್‌ಗೆ ಸಹಿ ಹಾಕಿಸಿಕೊಂಡು ಬರುತ್ತಾರೆ. ತರಗತಿಗೇ ಬಾರದೆ ಪರೀಕ್ಷೆ ಮಾತ್ರ ಬರೆದು ಪದವಿ ಪಡೆಯುವ ದಂಧೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದನ್ನು ನಿಲ್ಲಿಸಲೇಬೇಕು. ಅದು ಬರೀ ಪರೀಕ್ಷಾ ಅಕ್ರಮವಲ್ಲ. ಯಾವುದೋ ರಾತ್ರಿ ಯಾರದೋ ಉಸಿರಿನ ಖಾನೆಯಲ್ಲಿ ಬರೆಯಲಿರುವ ಸುಳ್ಳು ಸಂಖ್ಯೆಯ ಆರಂಭ.

ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಬರೆದ ಒಂದು ಪುಸ್ತಕ ನರ್ಸಿಂಗ್ ಬೋಧಕರಿಗೆಲ್ಲ ಗೊತ್ತು. ನರ್ಸ್ ಒಬ್ಬರು ಹೊಸಬರಿಂದ ಪರಿಣತರಾಗಲು ಐದು ಹಂತ ದಾಟುತ್ತಾರೆ, ಸಮರ್ಥರು ಎನ್ನಿಸಿಕೊಳ್ಳಲೇ ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಬೇಕು ಎನ್ನುತ್ತಾರೆ ಅವರು. ನಮ್ಮಲ್ಲಿ ನಿನ್ನೆ ರಿಸಲ್ಟ್ ಬಂದವರನ್ನು ನಾಳೆ ರಾತ್ರಿಪಾಳಿಯ ಐಸಿಯುಗೆ ಒಬ್ಬರೇ ಹಾಕುವುದುಂಟು. ಹಿರಿಯರ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಕೆಲವು ತಿಂಗಳು ಇಲ್ಲದೆ ಯಾವ ಪದವಿಯೂ ಆ ಹುಡುಗಿಯನ್ನು ಕಾಪಾಡದು, ರೋಗಿಯನ್ನೂ ಕಾಪಾಡದು. ವಾರ್ಡಿನಲ್ಲಿ ವಿದ್ಯಾರ್ಥಿಗಳ ಜೊತೆ ಪೂರ್ತಿ ಪಾಳಿ ನಿಲ್ಲುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯ ವ್ಯಕ್ತಿ. ಅವರಿಗೆ ಕೊಡುವ ಸಂಬಳ ನೋಡಿದರೆ ಹಾಗೆ ಅನ್ನಿಸುವುದಿಲ್ಲ.

ಕಾಣದ ಕೆಲಸ

ಐಸಿಯು ಎಂದರೆ ಓಡಾಟ, ಕೂಗಾಟ, ಷಾಕ್ ಕೊಡುವುದು ಎಂಬ ಚಿತ್ರವನ್ನು ಸಿನಿಮಾಗಳು ಕೊಟ್ಟಿವೆ. ಅಲ್ಲಿನ ಹೆಚ್ಚಿನ ಕೆಲಸ ಸದ್ದಿಲ್ಲದ್ದು, ಗಂಟೆಗಂಟೆಗೂ ಮರುಕಳಿಸುವಂಥದು. ವೆಂಟಿಲೇಟರ್ ಮೇಲಿರುವವರ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿರಬೇಕು. ಬಾಯಿ ಸ್ವಚ್ಛ ಮಾಡಬೇಕು. ಕಫ ತೆಗೆಯುವಾಗ ಸಕ್ಷನ್ ನಳಿಕೆ 15 ಸೆಕೆಂಡಿಗಿಂತ ಹೆಚ್ಚು ಒಳಗಿರಬಾರದು, ಅದಕ್ಕೂ ಮೊದಲು ಆಮ್ಲಜನಕ ಏರಿಸಿರಬೇಕು. ಕಣ್ಣು ಮುಚ್ಚದವರ ಕಣ್ಣು ಒಣಗದಂತೆ ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಪ್ರತಿ ಸಲ ಕೈ ತೊಳೆಯಬೇಕು. ಇದರಲ್ಲಿ ಒಂದನ್ನು ಬಿಟ್ಟರೂ ಆ ಹೊತ್ತಿಗೆ ಏನೂ ಆಗದು. ನಾಲ್ಕು ದಿನದ ಮೇಲೆ ನ್ಯುಮೋನಿಯಾ ಆಗಿ, ಬೆನ್ನಿನ ಹುಣ್ಣಾಗಿ ಬರುತ್ತದೆ.

ಈ ಪಾಠಕ್ಕೆ ಕನ್ನಡ ನಾಡಿನ ನರ್ಸ್ ಒಬ್ಬರ ಬದುಕೇ ಸಾಕ್ಷಿ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲೇ ನಡೆದ ಬರ್ಬರ ಹಲ್ಲೆಯಲ್ಲಿ ಮಿದುಳಿಗೆ ರಕ್ತ ಹೋಗದೆ ಜೀವಚ್ಛವವಾದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಾಲ್ಕು ದಶಕ ದಾಟಿ, ಅವರನ್ನು ನೋಡಿಕೊಂಡದ್ದು ಅದೇ ಆಸ್ಪತ್ರೆಯ ನರ್ಸ್‌ಗಳು, ಒಂದು ಪೀಳಿಗೆಯ ನಂತರ ಮತ್ತೊಂದು ಪೀಳಿಗೆ. ಅಷ್ಟು ವರ್ಷ ಹಾಸಿಗೆ ಹಿಡಿದ ದೇಹದಲ್ಲಿ ಹಾಸಿಗೆ ಹುಣ್ಣು ಆಗದಂತೆ ಕಾಪಾಡಿದ ಆ ಆರೈಕೆಯನ್ನು ಸುಪ್ರೀಂ ಕೋರ್ಟ್ 2011ರ ತನ್ನ ತೀರ್ಪಿನಲ್ಲಿ ಮನಸಾರೆ ಮೆಚ್ಚಿಕೊಂಡಿತು. ಅಂದು ಹೊಸದಾಗಿ ಸೇರಿದ ಎಷ್ಟು ನರ್ಸ್‌ಗಳು ಆ ಮಗ್ಗುಲು ಬದಲಿಸುವುದರಲ್ಲಿ ಕೆಲಸ ಕಲಿತಿರಬೇಕು! ನರ್ಸಿಂಗ್ ಕಾಲೇಜುಗಳ ಗೋಡೆಯ ಮೇಲೆ ನೈಟಿಂಗೇಲ್ ಚಿತ್ರದ ಪಕ್ಕದಲ್ಲಿ ಅರುಣಾ ಮತ್ತು ಅವರ ಸಹೋದ್ಯೋಗಿಗಳ ಕಥೆಯೂ ಇರಲಿ.

ದಾರಿಯ ಲೆಕ್ಕ

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ತಾಲ್ಲೂಕು ಆಸ್ಪತ್ರೆಯಿಂದ ಕಲಬುರಗಿಗೆ ಕಳಿಸುವುದು ದಿನನಿತ್ಯದ ಕೆಲಸ. ಆದರೆ ರೋಗಿಯನ್ನು ಸಾಗಿಸುವುದು ಒಂದು ವಿದ್ಯೆ ಎಂದು ನಮ್ಮ ಕಾಲೇಜುಗಳು ಇನ್ನೂ ಒಪ್ಪಿದಂತಿಲ್ಲ. ಒಂದು ಸರಳ ಲೆಕ್ಕ ನೋಡಿ. ಸಣ್ಣ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್ ಆಮ್ಲಜನಕ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕು. ಗೇಜಿನ ಮುಳ್ಳು ಮೂರನೇ ಒಂದು ಭಾಗದಲ್ಲಿದ್ದರೆ ಉಳಿದದ್ದು 500 ಲೀಟರ್, ಅಂದರೆ 50 ನಿಮಿಷ. ಜೇವರ್ಗಿಯಿಂದ ಕಲಬುರಗಿಯ ಆಸ್ಪತ್ರೆ ಬಾಗಿಲಿಗೆ ಒಂದು ಗಂಟೆ ಹಿಡಿದರೆ ಸಿಲಿಂಡರ್ ಖಾಲಿಯಾಗುವುದು ನಗರದ ಟ್ರಾಫಿಕ್‌ನಲ್ಲಿ. ಹೊರಡುವ ಮೊದಲು ಈ ಭಾಗಾಕಾರ ಮಾಡುವುದನ್ನು ವಿದ್ಯಾರ್ಥಿಗೆ ಕಲಿಸಲು ಎಷ್ಟು ಹೊತ್ತು ಬೇಕು?

ಜೊತೆಗೆ ಏನೇನು ಇರಬೇಕು, ದಾರಿಯಲ್ಲಿ ವಾಂತಿಯಾದರೆ ಮಗ್ಗುಲಿಗೆ ಹೇಗೆ ತಿರುಗಿಸಬೇಕು, ಟ್ಯೂಬ್ ಜಾರಿದರೆ ಏನು ಮಾಡಬೇಕು, ಕಳಿಸುವ ಆಸ್ಪತ್ರೆಯವರು ಮೊದಲೇ ಫೋನ್ ಮಾಡಿ ಹಾಸಿಗೆ ಇದೆಯೇ ಎಂದು ಕೇಳಿದರೇ, ಕೊಟ್ಟ ಔಷಧ ಮತ್ತು ಕೊಟ್ಟ ಹೊತ್ತು ಚೀಟಿಯಲ್ಲಿ ಬರೆದಿದೆಯೇ, ಇವೆಲ್ಲ ಪಠ್ಯವಾಗಬೇಕು. ಅಂತಿಮ ವರ್ಷದ ಪ್ರತಿ ವಿದ್ಯಾರ್ಥಿಯೂ ಒಮ್ಮೆಯಾದರೂ ಬೋಧಕರ ಜೊತೆ ಆ ಆಂಬುಲೆನ್ಸ್‌ನಲ್ಲಿ ಕೂತು ಬರಬೇಕು ಎನ್ನುತ್ತೇನೆ ನಾನು. ಓಲಾಡುವ ಗಾಡಿಯಲ್ಲಿ ಬಿಪಿ ನೋಡುವುದು ಎಂಥ ಕಷ್ಟ ಎಂದು ಅಲ್ಲೇ ಗೊತ್ತಾಗುವುದು.

ಮನೆಯವರಿಗೆ ಹೇಳುವುದು

ಐಸಿಯು ಹೊರಗಿನ ಪ್ಯಾಸೇಜಿನಲ್ಲಿ ಕಂಬಳಿ ಹಾಸಿಕೊಂಡು ಕೂತವರು ಕೇಳುವುದು ಒಂದೇ ಪ್ರಶ್ನೆ: ‘ಹ್ಯಾಂಗದಾರ್ರೀ ಅಕ್ಕಾರ?’ ಅದಕ್ಕೆ ‘ಡಾಕ್ಟರ್‌ನ ಕೇಳ್ರಿ’ ಎಂದು ಹೇಳಿ ಹೋಗುವುದು ಸುಲಭ. ಸುಳ್ಳು ಭರವಸೆ ಕೊಡದೆ, ಬೆದರಿಸದೆ, ಈಗ ಏನು ಮಾಡುತ್ತಿದ್ದೇವೆ, ಮುಂದೆ ಏನು ನೋಡುತ್ತಿದ್ದೇವೆ ಎಂದು ಅವರ ಮಾತಿನಲ್ಲೇ ಹೇಳುವುದನ್ನೂ ಕಲಿಸಬೇಕಾಗುತ್ತದೆ. ಇಲ್ಲಿ ಸ್ಥಳೀಯ ಹುಡುಗಿಯರ ಬೆಲೆ ಗೊತ್ತಾಗುತ್ತದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನವರಿಗೇ ಮೀಸಲು. ನೆಲೋಗಿಯ, ಅರಳಗುಂಡಗಿಯ ಮಗಳು ನರ್ಸ್ ಆಗಿ ಅದೇ ತಾಲ್ಲೂಕಿನ ಅಜ್ಜಿಯ ಹಾಸಿಗೆ ಪಕ್ಕ ನಿಂತರೆ, ಅಜ್ಜಿ ‘ಎದಿ ಹಿಡದಂಗ ಆಗ್ಯಾದವ್ವ’ ಎಂದದ್ದು ಆ ಕ್ಷಣಕ್ಕೇ ಅರ್ಥವಾಗುತ್ತದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಹುಟ್ಟಿದ ಊರು ಅದೇ ಅರಳಗುಂಡಗಿ. ಹಸಿದವರಿಗೆ ಉಣಬಡಿಸಿದ ನೆಲ ಇದು, ಆರೈಕೆಯ ಸಂಸ್ಕಾರವನ್ನು ಹೊರಗಿನಿಂದ ತರಿಸಬೇಕಾಗಿಲ್ಲ.

ಉಳಿಸಲಾಗದವರೂ ಇರುತ್ತಾರೆ. ಗುಣವಾಗದ ಹಂತದಲ್ಲಿ ಘನತೆಯಿಂದ ಕೊನೆಯುಸಿರೆಳೆಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಸಾವಿನ ಹತ್ತಿರ ಇರುವವರ ಬಾಯಿ ಒದ್ದೆ ಮಾಡುವುದು, ನೋವು ತಗ್ಗಿಸುವುದು, ಮನೆಯವರನ್ನು ಒಳಗೆ ಕರೆದು ಕೈ ಹಿಡಿಸುವುದೂ ತೀವ್ರ ನಿಗಾದ ಶುಶ್ರೂಷೆಯೇ. ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಮೊದಲ ಸಾವನ್ನು ಕಂಡ ದಿನ ಅವಳ ಜೊತೆ ಕೂತು ಮಾತಾಡುವವರೂ ಒಬ್ಬರು ಬೇಕು. ಹಾಸ್ಟೆಲ್ಲಿನ ಗೋಡೆಗೆ ಮುಖ ಮಾಡಿ ಅತ್ತು ಮಲಗುವುದೇ ಅವಳ ಪಾಲಿನ ತರಬೇತಿ ಆಗಬಾರದು.

ಈಗ ಆಗಬೇಕಾದ್ದು

ಅಮೆರಿಕದ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುವುದು ಕಂಡುಬಂತು. ಯುರೋಪಿನ ಒಂಬತ್ತು ದೇಶಗಳಲ್ಲಿ ಅವರೇ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ ಕಡೆ ಸಾವಿನ ಸಂಭವ ಶೇ 7ರಷ್ಟು ಕಡಿಮೆ ಇತ್ತು. ಎಷ್ಟು ಜನ ಇದ್ದಾರೆ, ಎಷ್ಟು ಕಲಿತಿದ್ದಾರೆ, ಎರಡೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಶುಶ್ರೂಷಾ ಪರಿಷತ್ತಿನ ಮಾನದಂಡವೂ ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಎನ್ನುತ್ತದೆ. 2021ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಆಯುಷ್ಮಾನ್ ಭಾರತ್ ಆರೋಗ್ಯ ಮೂಲಸೌಕರ್ಯ ಯೋಜನೆಯಡಿ ಜಿಲ್ಲೆಗಳಲ್ಲಿ ಕ್ರಿಟಿಕಲ್ ಕೇರ್ ಬ್ಲಾಕ್‌ಗಳು ಬರುತ್ತಿವೆ. ಕಟ್ಟಡಕ್ಕೆ ಟೆಂಡರ್ ಕರೆದ ದಿನವೇ ಅದರಲ್ಲಿ ನಿಲ್ಲುವ ನರ್ಸ್‌ಗಳ ತರಬೇತಿಯೂ ಶುರುವಾಗಬೇಕಿತ್ತು.

ಕಲಬುರಗಿಯ ನರ್ಸಿಂಗ್ ಕಾಲೇಜುಗಳು ಮತ್ತು ಆರೋಗ್ಯ ಇಲಾಖೆ ಸೇರಿ ಒಂದು ಕೆಲಸವನ್ನು ಈ ವರ್ಷವೇ ಮಾಡಬಹುದು. ಕೊನೆಯ ಸೆಮಿಸ್ಟರ್‌ನ ಇಂಟರ್ನ್‌ಗಳನ್ನು ಆಳಂದ, ಅಫಜಲಪುರ, ಜೇವರ್ಗಿಯ ತಾಲ್ಲೂಕು ಆಸ್ಪತ್ರೆಗಳಿಗೆ ಸರದಿಯ ಮೇಲೆ ಕಳಿಸಿ, ರಾತ್ರಿಪಾಳಿಯೂ ಸೇರಿದಂತೆ. ಅವರ ಜೊತೆ ಇನ್‌ಸ್ಟ್ರಕ್ಟರ್ ಕಡ್ಡಾಯವಾಗಿ ಇರಲಿ. ಖಾಲಿ ಹುದ್ದೆಯ ಬದಲಿಗೆ ಪುಕ್ಕಟೆ ಆಳಾಗಿ ಅವರನ್ನು ದುಡಿಸಿಕೊಳ್ಳಬೇಡಿ. ಇರಲು ಸುರಕ್ಷಿತ ಜಾಗ, ರಾತ್ರಿ ಹೋಗಿಬರಲು ವಾಹನ ಕೊಡಿ. ಪ್ರತಿ ವಾರ್ಡಿನ ಚಾರ್ಟಿಗೆ ಮುನ್ನೆಚ್ಚರಿಕೆಯ ಅಂಕಪಟ್ಟಿ ಸೇರಿಸಿ. ತೊಗರಿಗೆ ಔಷಧಿ ಹೊಡೆಯುವ ಕಾಲ ಬರುವ ಮೊದಲು ವಿಷಪ್ರಾಶನದ ತಾಲೀಮು, ಮಳೆಗಾಲಕ್ಕೆ ಮೊದಲು ಹಾವು ಕಡಿತದ ತಾಲೀಮು ಆಗಲಿ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾಗ ವಿದ್ಯಾರ್ಥಿನಿಯೊಬ್ಬಳು ಬಂದು, ಹಾಸಿಗೆ ಪಕ್ಕದಲ್ಲಿ ಗಡಿಯಾರ ಹಿಡಿದು ಮಾತಿಲ್ಲದೆ ಒಂದು ನಿಮಿಷ ನಿಂತರೆ ಅವಳನ್ನು ಮಾತಾಡಿಸಬೇಡಿ, ‘ದೊಡ್ಡ ಸಿಸ್ಟರ್‌ನ ಕರೀರಿ’ ಎಂದು ಕಳಿಸಲೂಬೇಡಿ. ಅವಳು ಉಸಿರು ಎಣಿಸುತ್ತಿದ್ದಾಳೆ. ಎಣಿಸಿ ಮುಗಿಸಲು ಬಿಡಿ, ಆಮೇಲೆ ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ.